ಹದಿಮೂರರ ನಂತರ ಹದಿನೈದು

ಸೂರ್ ಎಂಬುದು ಊರಿನ ಹೆಸರು.
ಒಮಾನಿನ ಈ ಮೂಲೆಗೆ ಬಂದ ಮೊದಲ ವಾರ
ಹೆಂಡತಿಗೆ ಫೋನಿನಲ್ಲಿ ಹೇಳಿದ್ದೆ,
ಸೂರ್‌ನಲ್ಲಿ ಒಂದು ಸೂರು ಸಿಕ್ಕಿತು ಮಾರಾಯ್ತಿ, ಎಂದು.
ಅವಳು ನಕ್ಕಿದ್ದಳು.
ಹತ್ತೊಂಬತ್ತು ವರ್ಷದ ಹಿಂದಿನ ನಗು ಅದು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾನು ದಾಖಲೆ ಗುಮಾಸ್ತ.
ಹುಟ್ಟಿದವರು ಎಡಗಡೆಯ ಕಪಾಟು, ಸತ್ತವರು ಬಲಗಡೆ,
ನಡುವೆ ವಾಸಿಯಾಗಿ ಮನೆಗೆ ಹೋದವರು.
ಅವರೇ ಹೆಚ್ಚು,
ಅವರ ಫೈಲು ಯಾರೂ ಕೇಳುವುದಿಲ್ಲ.

ಡಾಕ್ಟರ್ ವಿದುಲಾ ಹೆಬಳೆಗೆ ಕಾಗದ ಬಂದದ್ದು ಗುರುವಾರ ಸಂಜೆ,
ಕಚೇರಿಗೆ ಬೀಗ ಬಿದ್ದ ಮೇಲೆ, ಅರಬಿಯಲ್ಲಿ.
ಉತ್ತರಿಸಲು ಮೂರು ದಿನ. ಅದರಲ್ಲಿ ಎರಡು ರಜೆ.
ಲೈಸೆನ್ಸಿಗೆ ತಡೆ. ಕ್ವಾರ್ಟರ್ಸ್ ಖಾಲಿ ಮಾಡಬೇಕು.
ಕುಕ್ಕರು, ಇಸ್ತ್ರಿಪೆಟ್ಟಿಗೆ, ಎರಡು ಸೂಟ್‌ಕೇಸು
ನರ್ಸುಗಳ ಹಾಸ್ಟೆಲಿನ ಮೆಟ್ಟಿಲ ಮೇಲೆ.
ಸೂರ್‌ನಲ್ಲಿ ಸೂರು ಹೋಯಿತು.
ಈ ಸಲ ಆ ಮಾತಿಗೆ ನಗಲು ಯಾರೂ ಇರಲಿಲ್ಲ.

ಖಲ್ಫಾನನ ಮಗಳು, ಆರು ವರ್ಷ, ಹೊಟ್ಟೆನೋವು.
ವಾರ್ಡಿನಿಂದ ಕರೆ ಹೋದದ್ದು ರಾತ್ರಿ ಎರಡು ಹತ್ತಕ್ಕೆ,
ಡಾಕ್ಟರು ಬಂದದ್ದು ಮೂರು ನಲವತ್ತಕ್ಕೆ,
ಬೆಳಗಿನ ಬಾಂಗು ಆಗುವಾಗ ಮಗು ಇರಲಿಲ್ಲ.
ಇಷ್ಟು ಎಲ್ಲರಿಗೂ ಗೊತ್ತಿತ್ತು.
ಗೊತ್ತಿದ್ದರಿಂದಲೇ ಯಾರೂ ಕೇಳಲಿಲ್ಲ.
ಎತ್ತು ಈಯಿತು ಅಂದರು,
ಕರು ಕಟ್ಟಲು ಹಗ್ಗ ಹುಡುಕಿದರು.

ನಮ್ಮ ಮಾತಿನಲ್ಲಿ ವಿಚಾರಿಸುವುದು ಅಂದರೆ
ಜ್ವರ ಬಂದವರ ಮನೆಗೆ ಮೂಸಂಬಿ ಹಿಡಿದು ಹೋಗುವುದು.
ವಿಚಾರಿಸಿಕೊಳ್ಳುವುದು ಅಂದರೆ ಬೇರೆ,
ತೋಳು ಮಡಿಸಿ ಹೋಗುವುದು.
ಡಾಕ್ಟರು ದಿನವಿಡೀ ಮಾಡುವುದು ಮೊದಲನೆಯದು:
ಎಲ್ಲಿ ನೋವು, ಯಾವಾಗಿನಿಂದ, ಒತ್ತಿದರೆ ಹೆಚ್ಚೋ.
ಕೇಳದೆ ಚೀಟಿ ಬರೆದರೆ ಅವರ ಲೈಸೆನ್ಸು ಹೋಗುತ್ತದೆ.
ಕೇಳದೆ ಲೈಸೆನ್ಸು ತೆಗೆದವರ
ಏನು ಹೋಗುತ್ತದೆ?

ಎರಡನೇ ಮಹಡಿ. ಉದ್ದ ಮೇಜು, ಕಾವಾದ ಹೂಜಿ, ಖರ್ಜೂರ.
ಫೈಲು ಹೊತ್ತು ತಂದ ನಾನು ಬಾಗಿಲ ಪಕ್ಕ.
ಅಧ್ಯಕ್ಷ ಮಸ್ಕತ್‌ನಿಂದ ಬಂದ ಮುದುಕ, ಸುವೈದ್,
ಕನ್ನಡಕ ಒರೆಸಿ ಮೊದಲು ಕೇಳಿದ್ದು,
ಈ ಕಾಗದ ಇವರಿಗೆ ಓದಲು ಬರುವ ಭಾಷೆಯಲ್ಲಿ ಇದೆಯೇ?
ಆಮೇಲೆ ನಮ್ಮ ಡೈರೆಕ್ಟರ ಕಡೆ ತಿರುಗಿ,
ದೂರು ಬರೆದವರು ನೀವೇ ಅಲ್ಲವೇ?
ಹಾಗಾದರೆ ಆ ಕುರ್ಚಿಯಿಂದ ಏಳಿ.
ದೂರು ಬರೆದ ಕೈ ತಕ್ಕಡಿ ಹಿಡಿಯಬಾರದು.

ಎಸಿ ಒಂದು ಗಳಿಗೆ ಗೊರ್ ಎಂದಿತು.

ಖಲ್ಫಾನನೂ ಬಂದಿದ್ದ, ದೋಣಿ ಕಟ್ಟುವವನು,
ಉಗುರಿನಲ್ಲಿ ಮರದ ಹುಡಿ.
ನನಗೂ ಯಾರೂ ಏನೂ ಹೇಳಿಲ್ಲ, ಅಂದ.
ಆ ಒಂದೂವರೆ ಗಂಟೆ ಎಲ್ಲಿತ್ತು, ಅಷ್ಟು ಹೇಳಿ ಸಾಕು.

ಸುವೈದ್ ಹಾಳೆ ತಿರುವಿದರು.
ಹದಿಮೂರು. ಹದಿನೈದು.
ಬೆರಳು ಹಿಂದೆ ಹೋಯಿತು, ಮುಂದೆ ಬಂತು.
ಇವಕ್ಕೆ ಸಂಖ್ಯೆ ಹಾಕುವವರು ಯಾರು?

ನಾನು, ಅಂದೆ.
ಧೈರ್ಯ ಅನ್ನಬೇಡಿ. ಲೆಕ್ಕ ಅಷ್ಟೇ.
ಕೆಳಗೆ ಓಡಿ ಹೋಗಿ ತಂದುಕೊಟ್ಟೆ.

ಹದಿನಾಲ್ಕರಲ್ಲಿ ನರ್ಸು ಬರೆದುಕೊಂಡ ಉತ್ತರ:
ಡಾಕ್ಟರು ಥಿಯೇಟರಿನಲ್ಲಿ, ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ,
ಮುಗಿಸಿ ಬರುತ್ತಾರೆ.
ಇನ್ನೊಬ್ಬ ಡಾಕ್ಟರನ್ನು ಎಬ್ಬಿಸಿ ಎಂಬ ಮಾತು
ಅದರಲ್ಲಿ ಇರಲಿಲ್ಲ.
ಅರ್ಧ ಹಾಳೆ ಅವರ ಪರ, ಅರ್ಧ ಅವರ ವಿರುದ್ಧ.

ಹೆಬಳೆಯವರು ಎರಡು ಸಲ ಓದಿದರು.
ಎಬ್ಬಿಸಲು ಹೇಳಬೇಕಿತ್ತು, ಅಂದರು,
ಮೇಜಿನ ಕಡೆಗಲ್ಲ, ಖಲ್ಫಾನನ ಕಡೆಗೆ.
ಅವನು ತಲೆಯಾಡಿಸಲಿಲ್ಲ. ಎದ್ದೂ ಹೋಗಲಿಲ್ಲ.
ಯಾರೋ ಅವನ ಲೋಟಕ್ಕೆ ಕಾವಾ ಬಗ್ಗಿಸಿದರು.

ತಪ್ಪು ಒಂದು, ಎಂದು ಬರೆದರು. ಮೂರಿದ್ದದ್ದು ಒಂದು.
ಲಿಖಿತ ಎಚ್ಚರಿಕೆ. ಬಾಗಿಲ ಕೀಲಿಕೈ ವಾಪಸು.
ಸಹಿ ಹಾಕುವಾಗ ಅವರ ಕೈ ನಡುಗಲಿಲ್ಲ.
ಒಂದು ತಪ್ಪು ಹೊರಲು ಒಂದು ಹೆಗಲು ಸಾಕು.

ಹಾಳೆ ಇಷ್ಟು ದಿನ ಎಲ್ಲಿತ್ತು ಎಂದು
ನನ್ನನ್ನು ಯಾರೂ ವಿಚಾರಿಸಲಿಲ್ಲ.
ನನ್ನ ಮೇಜಿನ ಖಾನೆಯಲ್ಲಿತ್ತು,
ಇದು ಬೇಡ ಎಂದು ಡೈರೆಕ್ಟರು ಎತ್ತಿಕೊಟ್ಟ ದಿನದಿಂದ,
ನನ್ನ ವೀಸಾದ ಜೆರಾಕ್ಸಿನ ಕೆಳಗೆ.

ಸಂಜೆ ಅದನ್ನು ಅದರ ಜಾಗದಲ್ಲಿ ಸೇರಿಸಿದೆ.
ಬಲಗಡೆಯ ಕಪಾಟು.
ದಾರ ಕಟ್ಟುವಾಗ ಗಂಟು
ಎರಡು ಸಲ ಜಾರಿತು.